ಗೋಡೆಯ ಮೇಲಿನ ಅರ್ಧ ಮಾತು

ತುಮಕೂರಿಗೆ ಫ್ಲೆಕ್ಸ್ ಬಂದ ಮೇಲೆ ಬೋರ್ಡ್ ಬರೆಯುವವರಿಗೆ ಕೆಲಸ ಕಮ್ಮಿಯಾಯಿತು. ಶಿರಾ ಗೇಟ್‌ನ ಅಹಮದ್ ಪಾಷಾ ಅವರ ಅಂಗಡಿಯಲ್ಲಿ ಮೊದಲು ಐದು ಜನ ಬ್ರಷ್ ಹಿಡಿಯುತ್ತಿದ್ದರು. ಎರಡು ಸಾವಿರದ ಐದನೇ ಇಸವಿಯ ಹೊತ್ತಿಗೆ ಉಳಿದವರು ಪಾಷಾ ಮತ್ತು ಅವರ ಶಿಷ್ಯ ಮುಜೀಬ್ ಇಬ್ಬರೇ. ಅಂಗಡಿಯ ಬಾಗಿಲು ಮುಚ್ಚದಂತೆ ಕಾಪಾಡಿದ್ದು ಗೋಡೆ ಬರಹ. ಪೋಲಿಯೋ ಹನಿ, ಚಿಕ್ಕ ಕುಟುಂಬ, ಮಳೆ ನೀರು ಕೊಯ್ಲು, ಏಡ್ಸ್ ಹೀಗೆ ಜನರಿಗೆ ಏನು ಹೇಳಬೇಕೆನಿಸಿದರೂ ಸರ್ಕಾರಕ್ಕೆ ಇನ್ನೂ ಗೋಡೆಯೇ ಬೇಕಿತ್ತು.

ಮುಜೀಬನಿಗೆ ಆಗ ಇಪ್ಪತ್ತನಾಲ್ಕು ವರ್ಷ. ಉಪ್ಪಾರಹಳ್ಳಿಯಲ್ಲಿ ತಾಯಿ ಜೈನಬ್ ಬೀ ಜೊತೆ ಇದ್ದ. ಮನೆ ಮಾತು ಉರ್ದುವಾದರೂ ಓದಿದ್ದು ಕನ್ನಡ ಶಾಲೆಯಲ್ಲಿ, ಮತ್ತು ಕನ್ನಡ ಅಕ್ಷರವೆಂದರೆ ಅವನಿಗೆ ಪ್ರಾಣ. ಬೇರೆಯವರು ಒತ್ತಕ್ಷರ ಬಂದ ಕಡೆ ತಡವರಿಸಿದರೆ ಇವನು ಹುರುಪಿನಿಂದ ತೋಳು ಮಡಚುತ್ತಿದ್ದ. ಅದರಲ್ಲೂ 'ಸ್ತ್ರೀ' ಎಂಬ ಅಕ್ಷರ. ಸ ಕೆಳಗೆ ತ ಒತ್ತು, ಅದರ ಮಗ್ಗುಲಲ್ಲಿ ರ ಒತ್ತು, ಮೇಲೆ ಗುಡಿಸು, ಕೊನೆಗೆ ದೀರ್ಘ. ಇಷ್ಟನ್ನೂ ಒಂದಕ್ಕೊಂದು ತಾಗದಂತೆ ಕೂರಿಸುವವರು ಜಿಲ್ಲೆಯಲ್ಲಿ ಮತ್ತೊಬ್ಬರಿಲ್ಲ ಎಂದು ಪಾಷಾ ಅವರೇ ಹೇಳುತ್ತಿದ್ದರು.

ಆ ಬೇಸಿಗೆಯಲ್ಲಿ ಗುತ್ತಿಗೆದಾರ ಕೊಟ್ಟ ಸಾಲು ಹೀಗಿತ್ತು: 'ಪರಸ್ತ್ರೀ ಸಂಗ ಬಿಡಿ, ಏಡ್ಸ್ ತಡೆಯಿರಿ.' ಗುಬ್ಬಿ ಕಡೆ ಇಪ್ಪತ್ತು ಗೋಡೆ, ಕುಣಿಗಲ್ ಕಡೆ ಇಪ್ಪತ್ತು. ಮುಜೀಬ್ ಸುಣ್ಣ ಬಳಿದು, ದಾರಕ್ಕೆ ನೀಲಿ ಪುಡಿ ಸವರಿ ಗೆರೆ ಹೊಡೆದು, ನಲವತ್ತು ಸಲ ಅದೇ ಸಾಲನ್ನು ಬರೆಯಬೇಕಿತ್ತು. ಬರೆಯುತ್ತಾ ಬರೆಯುತ್ತಾ ಆ ಮಾತು ಅವನ ತಲೆಯಲ್ಲಿ ಎಷ್ಟು ಗಟ್ಟಿಯಾಗಿ ಕೂತಿತೆಂದರೆ, ಅದು ತನಗಲ್ಲ ಎಂಬುದೂ ಅಷ್ಟೇ ಗಟ್ಟಿಯಾಯಿತು. ಏಕೆಂದರೆ ಮುಜೀಬ್ ಯಾವ ಹೆಂಗಸಿನ ಹತ್ತಿರವೂ ಹೋದವನಲ್ಲ. ಅವನ ಮನಸ್ಸು ಹೋಗುತ್ತಿದ್ದದ್ದು ಗಂಡಸರ ಕಡೆಗೆ.

ಮೂರು ವರ್ಷದಿಂದ ಅವನಿಗೆ ಲಕ್ಷ್ಮೀಕಾಂತ್ ಜೊತೆ ಸಂಬಂಧವಿತ್ತು. ಲಕ್ಷ್ಮೀಕಾಂತ್ ಕೋರ ಗ್ರಾಮದ ಸಿದ್ದಯ್ಯನವರ ಮಗ, ಶಿರಾ ಗೇಟ್‌ನ ಬೀಜ ಗೊಬ್ಬರದ ಅಂಗಡಿಯಲ್ಲಿ ಕೆಲಸ. ಇಬ್ಬರೂ ಜೀವದ ಗೆಳೆಯರು ಎಂದು ಬೀದಿಯವರಿಗೆಲ್ಲ ಗೊತ್ತಿತ್ತು. ಅದಕ್ಕಿಂತ ಹೆಚ್ಚಿನದು ಯಾರಿಗೂ ಗೊತ್ತಿರಲಿಲ್ಲ. ಅವನಿಗಿಂತ ಮುಂಚೆ ಮುಜೀಬನಿಗೆ ಇನ್ನಿಬ್ಬರ ಪರಿಚಯವಿತ್ತು. ಒಬ್ಬ ನೌಕರಿಯವನು, ಇನ್ನೊಬ್ಬ ಓದಿದವನು, ಇಬ್ಬರೂ ಇಸ್ತ್ರಿ ಅಂಗಿ ಹಾಕುವವರು. ತಾವು ಮಾಡುವುದನ್ನು ಅವರೆಲ್ಲ ಮಸ್ತಿ ಎಂದೇ ಕರೆಯುತ್ತಿದ್ದರು. ಗೋಡೆಯ ಮೇಲಿನ 'ಸಂಗ' ಎಂಬ ಭಾರಿ ಮಾತಿಗೂ ತಮ್ಮ ಮಸ್ತಿಗೂ ನಂಟಿದೆ ಎಂದು ಒಬ್ಬರಿಗೂ ಹೊಳೆದಿರಲಿಲ್ಲ.

ಅದಕ್ಕೆ ಅವರನ್ನು ಮಾತ್ರ ದೂರುವಂತಿಲ್ಲ. ಹಿಂದಿನ ಡಿಸೆಂಬರ್‌ನಲ್ಲಿ ಊರಲ್ಲಿ ಒಂದು ಆರೋಗ್ಯ ಶಿಬಿರ ನಡೆದಾಗ ಮುಜೀಬ್ ಕುತೂಹಲಕ್ಕೆ ಹೋಗಿ ಸಾಲಿನಲ್ಲಿ ನಿಂತಿದ್ದ. ಮೇಜಿನ ಹಿಂದೆ ಕೂತಿದ್ದವರು ಹೆಸರು ಕೇಳಿದರು, ವಯಸ್ಸು ಕೇಳಿದರು, ಹೆಂಗಸರ ಸಹವಾಸ ಇದೆಯಾ ಎಂದು ಕೇಳಿದರು. ಇವನು ಇಲ್ಲ ಎಂದ. ಅದು ಸತ್ಯ. ಹಾಗಾದರೆ ನಿನಗೆ ಭಯವಿಲ್ಲ ಹೋಗಪ್ಪ ಎಂದು ಕಳಿಸಿಬಿಟ್ಟರು. ಇಬ್ಬರು ಗಂಡಸರ ಸಂಬಂಧವನ್ನು ಆಗಿನ ಕಾನೂನು ಅಪರಾಧ ಎನ್ನುತ್ತಿತ್ತು. ಅದನ್ನು ಕೇಳುವುದಕ್ಕೆ ಮೇಜಿನ ಆ ಕಡೆಯವರಿಗೆ ನಾಲಿಗೆ ಬರಲಿಲ್ಲ, ಹೇಳುವುದಕ್ಕೆ ಈ ಕಡೆಯವನಿಗೂ ಬರಲಿಲ್ಲ. ಮುಜೀಬ್ ನಿಶ್ಚಿಂತೆಯಿಂದ ಮನೆಗೆ ಹೋಗಿ ಊಟ ಮಾಡಿದ.

ಯುಗಾದಿ ಕಳೆದ ಮೇಲೆ ಲಕ್ಷ್ಮೀಕಾಂತನಿಗೆ ಮದುವೆ ಗೊತ್ತಾಯಿತು. ಹುಡುಗಿ ಗುಬ್ಬಿಯವಳು, ಹೆಸರು ಶಾಂತಲಾ. ಜ್ಯೇಷ್ಠದ ಕೊನೆಯ ಲಗ್ನ. ಹುಡುಗಿ ಅವನಿಗೆ ನಿಜವಾಗಿಯೂ ಮೆಚ್ಚುಗೆಯಾಗಿದ್ದಳು, ಅದರಲ್ಲಿ ನಾಟಕವಿರಲಿಲ್ಲ. ಅವನಿಗೆ ಎರಡೂ ಕಡೆ ಮನಸ್ಸಿತ್ತು. ಮೇ ತಿಂಗಳ ಮೊದಲ ವಾರದಲ್ಲಿ ಅವನು ಮುಜೀಬನಿಗೆ, ಇನ್ನು ನಾವು ಬರೀ ಗೆಳೆಯರು ಎಂದ. ಆಮೇಲೆ ಛತ್ರದ ಬಾಗಿಲಿಗೆ ಹಾಕುವ ಮದುವೆ ಬೋರ್ಡನ್ನು ನೀನೇ ಬರೆಯಬೇಕು ಎಂದೂ ಕೇಳಿಕೊಂಡ. ಮುಜೀಬ್ ಒಪ್ಪಿಕೊಂಡ. ಅಂದೇ ಒಂದು ತಗಡಿಗೆ ಕೆಂಪು ಬಳಿದು, ಹಳದಿಯಲ್ಲಿ 'ಲಕ್ಷ್ಮೀಕಾಂತ್' ಎಂದು ಬರೆದು ಒಣಗಲು ಇಟ್ಟ.

ಅದಾದ ಎರಡು ವಾರಕ್ಕೆ ಅವನು ಕುಣಿಗಲ್‌ನಲ್ಲಿ ಬಸ್ ಸ್ಟ್ಯಾಂಡ್ ಹಿಂದಿನ ಗೋಡೆ ಬರೆಯುತ್ತಿದ್ದ. ಬೆಳಿಗ್ಗೆ ಹತ್ತು ಗಂಟೆಯಿರಬಹುದು. ಹೆಗಲಿಗೆ ಬಟ್ಟೆ ಚೀಲ ಹಾಕಿಕೊಂಡ ಒಬ್ಬ ನಡುವಯಸ್ಸಿನ ಮನುಷ್ಯ ಬಂದು ನಿಂತು ಸಾಲನ್ನು ಎರಡು ಸಲ ಓದಿದ. ಅವನು ಗಂಗಹನುಮಯ್ಯ. ಊರಲ್ಲಿ ಲೇಡೀಸ್ ಟೈಲರ್, ಜೊತೆಗೆ ತನ್ನಂಥ ಗಂಡಸರಿಗಾಗಿ ಇದ್ದ ಒಂದು ಸಣ್ಣ ಸಂಘದ ಕೆಲಸ ಮಾಡುತ್ತಿದ್ದ. ಚೀಲದಲ್ಲಿ ಇದ್ದದ್ದು ಕಾಂಡೋಮು. ಯಾರ ಹತ್ತಿರ ಬಾಯಿ ಬಿಡಬಹುದು ಎನ್ನುವುದು ಅವನ ಕಣ್ಣಿಗೆ ಬೇಗ ಗೊತ್ತಾಗುತ್ತಿತ್ತು.

"ಅಕ್ಷರ ಬಾಳ ಚೆಂದಾಗವೆ ಕಣಪ್ಪ. ಆದ್ರೆ ಈ ಗೋಡೆ ನಂಗೇನೂ ಹೇಳ್ನಿಲ್ಲ" ಎಂದ.

"ಯಾಕಣ್ಣ, ಓದಕ್ಕೆ ಬರಲ್ವಾ?"

"ಬತ್ತದೆ. ಪರಸ್ತ್ರೀ ಅಂತ ಬರ್ದಿದೀಯ. ನಾನು ಹೆಂಗಸ್ರ ಹತ್ರ ಹೋದೋನೇ ಅಲ್ಲ. ನಂಗೆ ಗಂಡಸ್ರೇ. ಅಂದ್ರೆ ನಂಗೆ ಏಡ್ಸ್ ಬರಲ್ಲ ಅಂತಲಾ?"

ಇಂಥ ಮಾತನ್ನು ಹಾಡಹಗಲಲ್ಲಿ, ಹೂವಿನ ರೇಟು ಕೇಳುವ ಧಾಟಿಯಲ್ಲಿ ಒಬ್ಬ ಹೇಳುವುದನ್ನು ಮುಜೀಬ್ ಹಿಂದೆಂದೂ ಕೇಳಿರಲಿಲ್ಲ. ಅವನು ಬ್ರಷ್ಷನ್ನು ಟರ್ಪೆಂಟೈನ್ ಡಬ್ಬಿಗೆ ಇಳಿಬಿಟ್ಟ. ಸುತ್ತ ನೋಡಿದ. ಆಮೇಲೆ ಮೆಲ್ಲಗೆ, ಬರಲ್ಲ ಅಂತಾನೇ ನಾನೂ ಅಂದ್ಕೊಂಡಿದೀನಿ ಎಂದ.

ಅಷ್ಟು ಸಾಕಾಯಿತು. ಇಬ್ಬರೂ ಪಕ್ಕದ ಚಹಾ ಅಂಗಡಿಯ ಬೆಂಚಿನ ಮೇಲೆ ಕೂತರು. ಗಂಗಹನುಮಯ್ಯ ತನ್ನ ಗೆಳೆಯ ಅಪ್ಪಾಜಿಯ ಕಥೆ ಹೇಳಿದ. ಅಪ್ಪಾಜಿ ಗುಬ್ಬಿಯವನು, ಗರಡಿಯಲ್ಲಿ ಬೆಳೆಸಿದ ಮೈ, ಬೀಡಿ ಕೂಡ ಮುಟ್ಟಿದವನಲ್ಲ. ನಾವು ಹುಡುಗ್ರು ಹುಡುಗ್ರು, ನಮಗೆಲ್ಲಿಂದ ಬರ್ತದೆ ಎಂದು ಅವನೂ ಹೇಳುತ್ತಿದ್ದ. ತೊಂಬತ್ತೆಂಟರಲ್ಲಿ ತೀರಿಕೊಂಡ. ಏನಾಗಿತ್ತು ಎಂದು ತಿಳಿಯುವ ಹೊತ್ತಿಗೆ ಚಿಕಿತ್ಸೆಯ ಸಮಯ ಮೀರಿತ್ತು. ಇದನ್ನು ಹೇಳುವಾಗ ಗಂಗಹನುಮಯ್ಯನ ದನಿ ಏರಲೂ ಇಲ್ಲ, ಇಳಿಯಲೂ ಇಲ್ಲ. ಎಷ್ಟು ಜನರಿಗೆ ಹೇಳಿದ್ದನೋ ಏನೋ.

ಮುಜೀಬ್ ತನ್ನ ಪರವಾಗಿ ವಾದ ಮಾಡಿದ. ತಾನು ಸಿಕ್ಕಸಿಕ್ಕವರ ಜೊತೆ ಹೋಗುವವನಲ್ಲ, ಎಲ್ಲ ಗೊತ್ತಿರುವವರು, ಒಳ್ಳೆ ಮನೆಯವರು, ಮೈಯಲ್ಲಿ ಒಂದು ಗುಳ್ಳೆಯೂ ಇಲ್ಲದವರು ಎಂದ.

"ಗೊತ್ತಿರೋನು ಅಂದ್ರೆ ಏನು ಗೊತ್ತು ನಿಂಗೆ?" ಎಂದು ಗಂಗಹನುಮಯ್ಯ ಕೇಳಿದ. "ಊರು ಗೊತ್ತು, ಹೆಸ್ರು ಗೊತ್ತು. ರಕ್ತ ಗೊತ್ತಾ? ಅವನಿಗೇ ಗೊತ್ತಿರಲ್ಲ ಕಣಪ್ಪ. ಏಳೆಂಟು ವರ್ಷ ಗುಂಡುಕಲ್ಲಂಗೆ ಓಡಾಡ್ಕೊಂಡಿರ್ತಾನೆ."

ಉಳಿದದ್ದನ್ನೂ ಅವನು ಮುಚ್ಚುಮರೆಯಿಲ್ಲದೆ ಬಿಡಿಸಿ ಹೇಳಿದ. ಹಿಂಬದಿಯ ಸಂಭೋಗದಲ್ಲಿ ಒಳಗಿನ ಚರ್ಮ ತೀರ ತೆಳುವಾದ್ದರಿಂದ ಕಣ್ಣಿಗೆ ಕಾಣದ ಗಾಯಗಳಾಗುತ್ತವೆ, ಹಾಗಾಗಿ ಕಾಂಡೋಮ್ ಇಲ್ಲದಿದ್ದರೆ ಗಂಡು ಹೆಣ್ಣಿನ ಸಂಬಂಧಕ್ಕಿಂತ ಅಪಾಯ ಹೆಚ್ಚೇ ಹೊರತು ಕಡಿಮೆಯಲ್ಲ. ಕಾಂಡೋಮ್ ಜೊತೆ ತೆಂಗಿನೆಣ್ಣೆ, ವ್ಯಾಸಲೀನ್ ಹಚ್ಚಿದರೆ ರಬ್ಬರ್ ಹರಿದುಹೋಗುತ್ತದೆ, ನೀರಿನ ಅಂಶದ ಜೆಲ್ಲೇ ಆಗಬೇಕು. ಈ ಮಾತು ಮುಜೀಬನಿಗೆ ತಟ್ಟನೆ ಅರ್ಥವಾಯಿತು. ಎಣ್ಣೆ ಬಣ್ಣದ ಕೆಲಸದಲ್ಲಿ ರಬ್ಬರ್ ಕೈಗವಸು ಎಷ್ಟು ದಿನ ತಡೆಯುತ್ತದೆ ಎನ್ನುವುದನ್ನು ಅವನಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಎರಡು ದಿನ ಒದ್ದಾಡಿ ಮೂರನೇ ದಿನ ಅವನು ಸರ್ಕಾರಿ ರಕ್ತ ಪರೀಕ್ಷಾ ಕೇಂದ್ರಕ್ಕೆ ಹೋದ. ಬಾಗಿಲು ತೆರೆದವನೇ ಹಿಂದಕ್ಕೆ ಹೆಜ್ಜೆ ಇಟ್ಟ. ಆಪ್ತಸಮಾಲೋಚಕಿಯ ಕುರ್ಚಿಯ ಹಿಂದೆ ಮೊಳೆಗೆ ಒಂದು ಬುರ್ಕಾ ನೇತುಹಾಕಿತ್ತು. ನಮ್ಮ ಪೈಕಿಯವರು, ಸಂಜೆಯೊಳಗೆ ಅಮ್ಮಿಯ ಕಿವಿಗೆ ಹೋಗುತ್ತದೆ ಎಂದು ಹೆದರಿದ. ಆಕೆಯ ಹೆಸರು ಶಾಹೀನ್. ಅವನ ಮುಖ ನೋಡಿ ಆಕೆಗೆ ವಿಷಯ ತಿಳಿಯಿತು.

"ಒಳಗೆ ಬನ್ನಿ. ಈ ರೂಮಲ್ಲಿ ಆಡಿದ ಮಾತು ನನ್ನ ಗಂಡನಿಗೂ ಗೊತ್ತಾಗಲ್ಲ" ಎಂದರು. "ಹೊರಗೆ ಸಿಕ್ಕಿದ್ರೆ ನಾನಾಗಿ ನಿಮ್ಮನ್ನ ಮಾತಾಡ್ಸೋದೂ ಇಲ್ಲ."

ಆಮೇಲೆ ಅವರು ಶಿಬಿರದವರು ಕೇಳಿದ ಪ್ರಶ್ನೆಯನ್ನೇ ಕೇಳಿದರು, ಆದರೆ ಸ್ವಲ್ಪ ಉದ್ದ ಮಾಡಿದರು: ಹೆಂಗಸರ ಜೊತೆ, ಅಥವಾ ಗಂಡಸರ ಜೊತೆ, ಸಂಬಂಧ ಇದೆಯಾ? ಮೂರೇ ಮೂರು ಪದ ಹೆಚ್ಚು. ಮುಜೀಬ್ ಹೌದು ಎಂದ. ತನ್ನ ಬಾಯಿಂದ ಹಾಗೆ ಸಲೀಸಾಗಿ ಹೌದು ಎಂಬ ಮಾತು ಬಂದದ್ದಕ್ಕೆ ಅವನಿಗೇ ಆಶ್ಚರ್ಯವಾಯಿತು.

ರಕ್ತವನ್ನು ಮೂರು ವಿಧಾನದಲ್ಲಿ ಪರೀಕ್ಷಿಸಿ ಖಚಿತಪಡಿಸಿಕೊಂಡು ಶಾಹೀನ್ ಅವನನ್ನು ಕೂರಿಸಿ ಹೇಳಿದರು. ಎಚ್‌ಐವಿ ಪಾಸಿಟಿವ್. ಅವನು ಗೋಡೆ ನೋಡುತ್ತಾ ಕೂತ. ಯಾರಿಂದ ಬಂತು, ಯಾವಾಗ ಬಂತು ಎಂದು ತಿಳಿಯುವ ದಾರಿ ಇರಲಿಲ್ಲ, ತಿಳಿದು ಆಗಬೇಕಾದ್ದೂ ಇರಲಿಲ್ಲ. ಶಾಹೀನ್ ಅವಸರ ಮಾಡಲಿಲ್ಲ. ಇದು ಸಾವಿನ ಚೀಟಿಯಲ್ಲ ಎಂದರು. ಸರ್ಕಾರ ಪುಕ್ಕಟೆ ಮಾತ್ರೆ ಕೊಡಲು ಶುರುಮಾಡಿದೆ, ಇವನ ರಕ್ತದಲ್ಲಿ ರೋಗ ತಡೆಯುವ ಶಕ್ತಿ ಎಷ್ಟಿದೆ ಎಂದು ನೋಡಿ ಯಾವಾಗ ಬೇಕೋ ಆಗ ಕೊಡುತ್ತಾರೆ ಎಂದರು. ಕೊನೆಯಲ್ಲಿ, ನಿಮ್ಮ ಜೊತೆ ಇದ್ದವರಿಗೂ ಪರೀಕ್ಷೆ ಆಗಬೇಕಲ್ಲ ಎಂದರು. ಆಗ ಮುಜೀಬನಿಗೆ ಅಂಗಡಿಯ ಮೂಲೆಯಲ್ಲಿದ್ದ ಕೆಂಪು ಬೋರ್ಡು ನೆನಪಾಯಿತು. ಮದುವೆಗೆ ಹದಿನೆಂಟು ದಿನ ಉಳಿದಿತ್ತು.

ಮಾರನೆಯ ದಿನ ಮಧ್ಯಾಹ್ನ ಪಾಷಾ ನಮಾಜಿಗೆ ಹೋದ ಹೊತ್ತಿನಲ್ಲಿ ಲಕ್ಷ್ಮೀಕಾಂತನನ್ನು ಅಂಗಡಿಯೊಳಕ್ಕೆ ಕರೆದು ಎಲ್ಲವನ್ನೂ ಹೇಳಿದ. ಲಕ್ಷ್ಮೀಕಾಂತ್ ಮೊದಲು ನಕ್ಕ, ಆಮೇಲೆ ಬೆವರಿದ, ಆಮೇಲೆ ಸಿಟ್ಟಾದ. ಮದುವೆ ತಪ್ಪಿಸಬೇಕೆಂದು ಕಥೆ ಕಟ್ಟುತ್ತಿದ್ದೀಯ ಎಂದೂ ಅಂದ. ಆ ಮಾತು ಮುಜೀಬನಿಗೆ ರೋಗದ ಸುದ್ದಿಗಿಂತ ಹೆಚ್ಚು ನೋವು ಕೊಟ್ಟಿತು.

"ನಂಗೆಲ್ಲಿ ಬರುತ್ತೋ ಅದು? ನಾನು ಯಾವ ಹೆಂಗಸ್ರ ಹತ್ರ ಹೋಗಿದೀನಿ? ಊರೂರಲ್ಲೂ ನೀನೇ ಬರ್ದಿದೀಯಲ್ಲ ಕಣೋ, ಪರಸ್ತ್ರೀ ಸಂಗ ಅಂತ."

ಮುಜೀಬ್ ಅಷ್ಟು ಅಕ್ಕರೆಯಿಂದ ಬರೆದ ಅಕ್ಷರವನ್ನೇ ಗೆಳೆಯ ಅಡ್ಡ ಇಟ್ಟುಕೊಂಡು ನಿಂತಿದ್ದ.

"ಬರ್ದಿದ್ದು ಸುಳ್ಳಲ್ಲ. ಅರ್ಧ" ಎಂದ ಮುಜೀಬ್. "ಇನ್ನರ್ಧ ನಂಗೂ ಗೊತ್ತಿರ್ಲಿಲ್ಲ. ನೋಡೋ ಕಾಂತ, ನಿಂಗೆ ಏನೂ ಇಲ್ದೇ ಇರಬಹುದು. ಇರ್ಲಿ ಅಂತ ನಾನು ಯಾವತ್ತೂ ಬಯಸಲ್ಲ. ಆದ್ರೆ ಇದೇನು ಅಂತ ಆ ಹುಡುಗಿಗೆ ಗೊತ್ತೇ ಇಲ್ಲ. ಅವಳ ಹೆಸರು ಬರೆಯೋಕೆ ನಂಗೆ ಕೈ ಬರ್ತಿಲ್ಲ. ನೀನು ಟೆಸ್ಟ್ ಮಾಡಿಸಿದ್ಮೇಲೆ ಬರೀತೀನಿ."

ಲಕ್ಷ್ಮೀಕಾಂತ್ ಬೋರ್ಡಿನ ಕಡೆ ನೋಡಿದ. ತನ್ನ ಹೆಸರು ಫಳಫಳ ಹೊಳೆಯುತ್ತಿತ್ತು. ಅದರ ಪಕ್ಕದಲ್ಲಿ ಒಂದು ಹೆಸರು ಹಿಡಿಸುವಷ್ಟು ಜಾಗ ಬರೀ ಕೆಂಪಾಗಿತ್ತು. ಹೊರಟುಹೋದ. ಮೂರು ದಿನ ಈ ಕಡೆ ತಲೆ ಹಾಕಲಿಲ್ಲ. ನಾಲ್ಕನೇ ದಿನ ಬಂದು, ನಡಿಯೋ, ಒಬ್ನೇ ಹೋಗಕ್ಕೆ ಆಗ್ತಿಲ್ಲ ಎಂದ.

ಅವನ ರಕ್ತದಲ್ಲಿ ಏನೂ ಸಿಗಲಿಲ್ಲ. ಕುರ್ಚಿಯಿಂದ ಏಳುತ್ತಿದ್ದವನನ್ನು ಶಾಹೀನ್ ಕೂರಿಸಿದರು. ಸೋಂಕು ತಗುಲಿ ಮೂರು ತಿಂಗಳವರೆಗೆ ಪರೀಕ್ಷೆಯಲ್ಲಿ ಕಾಣದೆ ಇರಬಹುದು, ಕೊನೆಯ ಸಲ ಸೇರಿ ಇನ್ನೂ ತಿಂಗಳೂ ತುಂಬಿಲ್ಲ, ಆಗಸ್ಟಿನಲ್ಲಿ ಇನ್ನೊಂದು ಸಲ ನೋಡಬೇಕು, ಅಲ್ಲಿಯವರೆಗೆ ಮದುವೆ ಬೇಡ ಎಂದರು. ಇಷ್ಟು ಹತ್ತಿರ ಬಂದ ಮದುವೆಯನ್ನು ಯಾವ ಬಾಯಲ್ಲಿ ಮುಂದೆ ಹಾಕಲಿ ಎಂದು ಲಕ್ಷ್ಮೀಕಾಂತ್ ತಲೆ ಹಿಡಿದುಕೊಂಡ. ಶಾಹೀನ್ ಗೋಡೆಯ ಕ್ಯಾಲೆಂಡರ್ ತೋರಿಸಿದರು.

"ಜ್ಯೇಷ್ಠ ಬಿಟ್ರೆ ನಿಮ್ಮಲ್ಲಿ ಆಷಾಢ ಅಲ್ವಾ? ಒಂದೇ ಒಂದು ಮುಹೂರ್ತ ಬಿಟ್ಟುಬಿಡಿ. ಶ್ರಾವಣದವರೆಗೂ ಯಾರೂ ನಿಮ್ಮನ್ನ ಮದುವೆ ಅಂತ ಕೇಳಲ್ಲ."

ಮೈಯಲ್ಲಿ ಹುಷಾರಿಲ್ಲ, ಡಾಕ್ಟರು ಇನ್ನೊಂದು ರಕ್ತ ಪರೀಕ್ಷೆ ಹೇಳಿದ್ದಾರೆ ಎಂದು ಲಕ್ಷ್ಮೀಕಾಂತ್ ಮನೆಯಲ್ಲಿ ಹೇಳಿದ. ಸಿದ್ದಯ್ಯ ಕೂಗಾಡಿದರು, ಹಂಚಿದ ಲಗ್ನಪತ್ರಿಕೆಯ ಮಾತೆತ್ತಿದರು. ಕೊನೆಗೆ ಹೆಂಡತಿ ಲಕ್ಷ್ಮೀದೇವಮ್ಮ, ಹುಷಾರಿಲ್ಲದ ಹುಡುಗನ ಕೈಗೆ ಹುಡುಗಿ ಕೊಟ್ಟರೆ ಆಮೇಲೆ ಯಾರು ಉತ್ತರ ಹೇಳೋರು ಎಂದದ್ದಕ್ಕೆ ಒಪ್ಪಿದರು. ಆಗಸ್ಟಿನ ಪರೀಕ್ಷೆಯಲ್ಲೂ ಏನೂ ಇರಲಿಲ್ಲ. ಮದುವೆಗೆ ಮುಂಚೆ ಶಾಂತಲಾ ಕೂಡ ಪರೀಕ್ಷೆ ಮಾಡಿಸಿದಳು. ಲಕ್ಷ್ಮೀಕಾಂತ್ ಅವಳಿಗೆ ಎಷ್ಟು ಹೇಳಿದ, ಏನು ಬಿಟ್ಟ ಎಂಬುದು ಅವರಿಬ್ಬರ ನಡುವಿನ ಮಾತು. ಹೇಳಿದ್ದರೆ ಒಳ್ಳೆಯದು ಎನ್ನುವುದು ನಮ್ಮ ಅಭಿಪ್ರಾಯ. ಆಗಸ್ಟಿನ ಫಲಿತಾಂಶ ಬಂದ ದಿನವೇ ಮುಜೀಬ್ ಕೆಂಪು ಜಾಗದಲ್ಲಿ ಹಳದಿಯಲ್ಲಿ 'ಶಾಂತಲಾ' ಎಂದು ಬರೆದ. ಬರೆಯುವಾಗ ಅವನ ಕಣ್ಣು ತುಂಬಿತ್ತು.

ತಾಯಿಗೆ ಅವನು ಕಾಯಿಲೆಯ ವಿಷಯ ಹೇಳಲು ವರ್ಷ ತೆಗೆದುಕೊಂಡ. ಕೇಳಿದ ವಾರ ಜೈನಬ್ ಬೀ ಅವನ ತಟ್ಟೆ, ಲೋಟ ಬೇರೆ ಇಟ್ಟರು. ಅವನು ಜಗಳವಾಡಲಿಲ್ಲ, ಶಾಹೀನ್ ಹತ್ತಿರ ಕರೆದುಕೊಂಡು ಹೋದ. ಒಟ್ಟಿಗೆ ಉಂಡರೆ, ಬಟ್ಟೆ ಒಗೆದರೆ, ತಲೆ ಸವರಿದರೆ ಬರುವುದಿಲ್ಲ ಎಂದು ಆಕೆ ಉರ್ದುವಿನಲ್ಲಿ ನಿಧಾನವಾಗಿ ತಿಳಿಸಿದರು. ಮನೆಗೆ ಬಂದ ಮುದುಕಿ ಬೇರೆ ಇಟ್ಟಿದ್ದ ತಟ್ಟೆಯನ್ನು ಎತ್ತಿಟ್ಟು ಒಂದೇ ತಟ್ಟೆಯಲ್ಲಿ ಅನ್ನ ಬಡಿಸಿ ತಾವೂ ಅದಕ್ಕೇ ಕೈ ಹಾಕಿದರು. ನಾಲ್ಕು ವರ್ಷದ ಮೇಲೆ ಅವನಿಗೆ ಮಾತ್ರೆ ಶುರುವಾದಾಗ, ರಾತ್ರಿಯ ಇಶಾ ನಮಾಜ್ ಮುಗಿದ ಕೂಡಲೇ ನೀರಿನ ಲೋಟ ಹಿಡಿದು ನಿಲ್ಲುತ್ತಿದ್ದವರು ಅವರೇ.

ಆದರೆ ಗೋಡೆಯ ಲೆಕ್ಕ ಅದಕ್ಕೂ ಮುಂಚೆಯೇ, ಆ ಶ್ರಾವಣದಲ್ಲೇ ತೀರಿತು. ಗಂಗಹನುಮಯ್ಯನ ಸಂಘದವರು ಬಸ್ ಸ್ಟ್ಯಾಂಡ್ ಹಿಂದಿನ ಗೋಡೆಯ ಮಾಲೀಕ ಶಿವರಾಮಯ್ಯನವರನ್ನು ಕೇಳಿ ಒಪ್ಪಿಸಿದ್ದರು. ಮುಜೀಬ್ ಕುಣಿಗಲ್‌ಗೆ ಹೋಗಿ ತನ್ನದೇ ಬರಹದ ಮೇಲೆ ಸುಣ್ಣ ಬಳಿದ. ಆ ಚೆಂದದ ಒತ್ತಕ್ಷರ ಎರಡು ಸಲ ಬಳಿದರೂ ಇಣುಕುತ್ತಿತ್ತು, ಮೂರನೇ ಸಲಕ್ಕೆ ಮುಚ್ಚಿತು. ಒಣಗಿದ ಮೇಲೆ ಗೆರೆ ಹೊಡೆದು ಹೊಸ ಸಾಲು ಬರೆದ: 'ಹೆಣ್ಣಾಗಲಿ ಗಂಡಾಗಲಿ, ಗೊತ್ತಿರುವವರಾಗಲಿ ಇಲ್ಲದವರಾಗಲಿ, ಕಾಂಡೋಮ್ ಇರಲಿ. ಪರೀಕ್ಷೆ ಮಾಡಿಸಿ.'

ಕೆಲಸ ನೋಡಲು ಬಂದಿದ್ದ ಅಹಮದ್ ಪಾಷಾ ಕನ್ನಡಕ ಏರಿಸಿ ಓದಿದರು. ಅವರಿಗೆ ಎಷ್ಟು ಅರ್ಥವಾಗಿತ್ತೋ, ಎಷ್ಟು ಅರ್ಥವಾಗದವರಂತೆ ನಟಿಸಿದರೋ ಹೇಳಲಾಗದು. ನಿನ್ನ 'ಸ್ತ್ರೀ' ಎಲ್ಲಿ ಹೋಯಿತೋ ಎಂದಷ್ಟೇ ಕೇಳಿದರು.

"ಎಲ್ಲೂ ಹೋಗಿಲ್ಲ ಉಸ್ತಾದ್, ಹೆಣ್ಣು ಅಂತ ಅಲ್ಲೇ ಇದೆ" ಎಂದ ಮುಜೀಬ್. "ಬಿಟ್ಟು ಹೋಗಿದ್ದೋರನ್ನ ಸೇರಿಸಿದೀನಿ."

ಓದುತ್ತಿರುವ ತಮ್ಮಂದಿರೇ, ಈಗ ನಿಮ್ಮ ಮಾತು. ನೀವು ಗಂಡಸರನ್ನು ಇಷ್ಟಪಡುವವರಾಗಿರಬಹುದು, ಇಬ್ಬರನ್ನೂ ಇಷ್ಟಪಡುವವರಾಗಿರಬಹುದು. ಅದು ತಪ್ಪಲ್ಲ, ಈಗ ಕಾನೂನಿನ ಕಣ್ಣಿನಲ್ಲೂ ಅಪರಾಧವಲ್ಲ. ಆದರೆ ನೀವು ಓದಿದ ಯಾವುದೋ ಗೋಡೆಯಲ್ಲಿ ನಿಮ್ಮ ಹೆಸರಿಲ್ಲ ಎಂದ ಮಾತ್ರಕ್ಕೆ ನಿಮಗೆ ಅಪಾಯವಿಲ್ಲ ಎಂದುಕೊಳ್ಳಬೇಡಿ. ಕಾಂಡೋಮ್ ಮತ್ತು ನೀರಿನ ಅಂಶದ ಜೆಲ್ ಬಳಸಿ. ಸರ್ಕಾರಿ ಆಸ್ಪತ್ರೆಯ ಐಸಿಟಿಸಿ ಎಂಬ ಸಲಹೆ ಮತ್ತು ಪರೀಕ್ಷಾ ಕೇಂದ್ರದಲ್ಲಿ ಪರೀಕ್ಷೆ ಪುಕ್ಕಟೆ, ನಿಮ್ಮ ಮಾತು ಅಲ್ಲಿಂದ ಹೊರಗೆ ಹೋಗುವುದಿಲ್ಲ. ಪಾಸಿಟಿವ್ ಬಂದರೆ ಈಗ ಮುಜೀಬನ ಹಾಗೆ ವರ್ಷಗಟ್ಟಲೆ ಕಾಯಬೇಕಿಲ್ಲ, ಮಾತ್ರೆ ಬೇಗನೆ ಶುರುವಾಗುತ್ತದೆ, ತಪ್ಪದೆ ನುಂಗಿದರೆ ಎಲ್ಲರ ಹಾಗೆ ಬಾಳಬಹುದು. ಅನುಮಾನವಿದ್ದರೆ ಏಡ್ಸ್ ಸಹಾಯವಾಣಿ 1097ಕ್ಕೆ ಫೋನ್ ಮಾಡಿ ಕೇಳಿ. ಮೇಜಿನ ಆ ಕಡೆ ಕೂತವರು ಪ್ರಶ್ನೆಯನ್ನು ಅರ್ಧ ಕೇಳಿದರೂ ಪರವಾಗಿಲ್ಲ, ನೀವು ಉತ್ತರವನ್ನು ಪೂರ್ತಿ ಹೇಳಿ.